ಪಟ್ಟಲಮ್ಮನ ಆಡುಗಳು ಬೇಲಿ ದಾಟಿದ್ದು

ಯಲಿಯೂರಿನಾಚೆಯ ಸಣ್ಣ ಹಳ್ಳಿಯೊಂದರ ಗುಂಡುತೋಪಿಗೆ ಪಟ್ಟಲಮ್ಮ ಕಾವಲುಗಾರ್ತಿ. ಸಂಬಳವಿಲ್ಲ, ಕೈಯಲ್ಲೊಂದು ಕೋಲು, ಬೀಗವಿಲ್ಲದ ಬಾಯಿ, ಅಷ್ಟೇ. ಗಂಡ ತೀರಿಕೊಂಡ ಮೇಲೆ ಒಂದು ಮರಿಯಿಂದ ಶುರುಮಾಡಿ ಆಡು ಸಾಕಿ ಬದುಕಿದವಳು. ತೋಪು ಊರಿನದು. ಹೊಂಗೆ, ಹಿಪ್ಪೆ, ಬೇವು. ಗದ್ದೆಗೆ ಸೊಪ್ಪು, ದನಕ್ಕೆ ಮೇವು ಎಲ್ಲ ಅಲ್ಲಿಂದಲೇ. ಹಳೆಯ ಮರ ಒಂದೊಂದೇ ಬೀಳುತ್ತಿವೆ, ಸಸಿ ಒಂದೂ ಮೇಲೇಳುತ್ತಿಲ್ಲ ಎಂದು ಕಂಡಾಗ ಊರು ಸೇರಿ ಕಟ್ಟಳೆ ಮಾಡಿತು. ತೋಪಿನ ಮೂರರಲ್ಲಿ ಒಂದು ಪಾಲಿಗೆ ಮುಳ್ಳುಬೇಲಿ; ಸಸಿ ಆಡಿನ ಬಾಯಿಗೆ ಎಟುಕದಷ್ಟು ಬೆಳೆದ ಮೇಲೆ ಇನ್ನೊಂದು ಪಾಲಿಗೆ. ಬೇಲಿಯೊಳಗೆ ಯಾರ ಆಡು, ದನ ನುಗ್ಗಿದರೂ ಆ ಮನೆಯವರಿಗೆ ಬೇಲಿ ತೆಗೆಯುವ ತನಕ ಇಡೀ ತೋಪೇ ಬಂದ್.

ಹೋದ ವರ್ಷ ಶಿವರಾಜುವಿನ ಹಸು ನುಗ್ಗಿತ್ತು. "ಒಂದ್ ಸಲ ಬುಡಕ್ಕ" ಎಂದು ಅವನ ಹೆಂಡತಿ ಕೈಮುಗಿದಳು. ಪಟ್ಟಲಮ್ಮ ಜಗ್ಗಲಿಲ್ಲ. "ಇವತ್ತು ನಿನ್ನ ಬುಟ್ರೆ ನಾಳೆ ಊರ್ನೇ ಬುಡ್ಬೇಕಾಯ್ತದೆ ಕಣಮ್ಮ." ಮೇವಿಲ್ಲದೆ ಅವರು ಹಸುವನ್ನೇ ಮಾರಿದರು. ಅಂದಿನಿಂದ ಶಿವರಾಜು ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದ.

ಈ ಸಲ ಹಿಪ್ಪೆ ಹೂ ಉದುರುವ ಕಾಲ. ಸಸಿ ಹೇಗಿವೆ ನೋಡೋಣವೆಂದು ಪಟ್ಟಲಮ್ಮ ಬೆಳಿಗ್ಗೆ ಮುಳ್ಳು ಸರಿಸಿ ಒಳಹೊಕ್ಕಳು. ಈಗ ಬಂದುಬಿಡ್ತೀನಲ್ಲ ಎಂದು ಮುಳ್ಳನ್ನು ಮತ್ತೆ ಎಳೆಯಲಿಲ್ಲ. ಅವಳ ಆಡುಗಳೋ, ಅವಳು ಹೋದಲ್ಲಿಗೆ ಹೋಗುವಂಥವು. ಅವಳೇ ಹಾಗೆ ಸಾಕಿದ್ದು. ತಿರುಗಿ ನೋಡುವಷ್ಟರಲ್ಲಿ ಹಿಪ್ಪೆ ಸಸಿಗಳ ಒಂದು ಸಾಲೇ ಮೊಂಡಾಗಿತ್ತು. ಅಯ್ಯೋ ಶಿವನೇ! ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಸುಮ್ಮನಿದ್ದರೆ ಆಯಿತು, ಕೇಳುವವರಾರು? ಹೇಳಿದರೆ ಆಡು ಹೋದವು ಎಂದೇ ಅರ್ಥ. ಅವಳಿಗೆ ತುಂಡು ನೆಲವಿಲ್ಲ, ತೋಪು ಬಿಟ್ಟರೆ ಮೇಯಿಸಲು ಬೇರೆ ಜಾಗವಿಲ್ಲ.

ಸಂಜೆ ಊರಿನವರು ಕೂತಿದ್ದ ಅರಳಿಕಟ್ಟೆಗೆ ಬಂದು, "ಬೇಲಿ ಒಳಿಕ್ಕೆ ನುಗ್ಗಿದ್ದು ನನ್ನಾಡೇ ಕಣ್ರಪ್ಪಾ. ಮುಳ್ಳು ಮುಚ್ದೆ ಒಳಿಕ್ಕೋದೋಳೂ ನಾನೇ" ಎಂದಳು.

"ಬೇಲೀನೇ ಎದ್ದು ಒಲ ಮೇಯ್ದಂಗಾಯ್ತಲ್ಲವ್ವಾ!" ಎಂದು ಹಿರಿಯ ಮರಿಸಿದ್ದಯ್ಯ ನಕ್ಕ. "ಓಗ್ಲಿ ಬುಡು. ಇಷ್ಟ್ ವರ್ಸ ಕಾದಿದ್ದೀಯ, ನಿಂಗ್ಯಾವ ಕಟ್ಟಳೆ?"

ಎಲ್ಲರೂ ತಲೆಯಾಡಿಸಿದರು. ಪಟ್ಟಲಮ್ಮನಿಗೆ ಹೋದ ಜೀವ ಬಂದಂತಾಯಿತು. ಸುಳ್ಳೇಕೆ, ಖುಷಿಯೇ ಆಯಿತು.

ಶಿವರಾಜು ಎದ್ದು ನಿಂತ. "ಅದೆಂಗ್ ಬುಟ್ಟೀರಿ? ನಮ್ ಅಸ ಮಾರ್ಸ್ದಾಗ ಇತ್ತಲ್ಲ ಕಟ್ಟಳೆ, ಈಗೆಲ್ಲೋಯ್ತು?"

"ಕೂತ್ಕಳ್ಲಾ, ಅಗೆ ತೀರಿಸ್ಕಬ್ಯಾಡ" ಎಂದು ಮರಿಸಿದ್ದಯ್ಯ ಗದರಿದ.

ಪಟ್ಟಲಮ್ಮನಿಗೆ ಶಿವರಾಜುವಿನ ಮೇಲೆ ಮೈಯೆಲ್ಲ ಉರಿಯಿತು. ಜೊತೆಗೇ ಮೊಂಡಾದ ಸಾಲು ಕಣ್ಣೆದುರು ಬಂತು. ತನ್ನನ್ನು ಇವತ್ತು ಬಿಟ್ಟ ಈ ಜನ ನಾಳೆ ಬೇಲಿಗೆ ಯಾಕೆ ಅಂಜುತ್ತಾರೆ?

"ಅವ್ನ್ಯಾಕ್ ಕೂತ್ಕಬೇಕು? ಅವ ಅಂದಿದ್ದೇ ಸರಿ. ನನ್ನಾಡು ನಾಳೆ ಸಂತೆಗೋಯ್ತವೆ" ಎಂದಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೈಯಲ್ಲಿದ್ದ ಕೋಲನ್ನು ಶಿವರಾಜುವಿನ ಮುಂದೆ ಹಿಡಿದಳು.

"ಇನ್ಮೇಲೆ ತೋಪು ನೀನ್ ಕಾಯಿ ಕಣ್ಲಾ. ಇವ್ರೆಲ್ಲಾ ಮಕ ನೋಡಿ ಬುಡೋರು. ನೀನು ಬುಡಾಕಿಲ್ಲ."

ಶಿವರಾಜು ಕೋಲು ತೆಗೆದುಕೊಂಡ. ಅವಳ ಮುಖ ನೋಡಲು ಮಾತ್ರ ಅವನಿಂದ ಆಗಲಿಲ್ಲ.