ಚೆಂಡಿನ ಮುಂದೊಂದು ಹೆಸರು

ಬೆಳಗಿನ ಐದೂ ನಲವತ್ತು. ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನ ಸಣ್ಣ ಕಚೇರಿಯೊಂದರಲ್ಲಿ ಶಿವಪುತ್ರಪ್ಪ ರೇಡಾರ್ ಪರದೆಯ ಮುಂದೆ ಕೂತು, ಅವರನ್ನು ಮಾತನಾಡಿಸಲು ಬಂದ ನನ್ನ ಬಳಿ ಗೊಣಗುತ್ತಿದ್ದಾರೆ. "ಬಂತ್ ನೋಡ್ರಿ. ಇದನ್ನ ಕಸ ಅಂತಾರ." ಚುಕ್ಕೆಯೊಂದು ಹಾದುಹೋಗುತ್ತದೆ. ಅವರು ಅಳತೆ ಬರೆದುಕೊಂಡು ಆರಿದ ಚಹಾ ಕುಡಿಯುತ್ತಾರೆ.

ಆ ಚುಕ್ಕೆ ಒಂದು ಟೊಳ್ಳು ಅಲ್ಯೂಮಿನಿಯಂ ಚೆಂಡು. ಶತ್ರು ಕ್ಷಿಪಣಿಗಳನ್ನು ಗುರುತಿಸುವ ರೇಡಾರ್‌ಗಳ ಪರೀಕ್ಷೆಗೆಂದು ಅಮೆರಿಕದ ಮಿಲಿಟರಿ ಅರವತ್ತರ ದಶಕದಲ್ಲಿ ಹಾರಿಸಿದ್ದು, ಇನ್ನೂ ಭೂಮಿಯನ್ನು ಸುತ್ತುತ್ತಿದೆ. ಒಳಗೆ ಕ್ಯಾಮೆರಾ ಇಲ್ಲ, ಬ್ಯಾಟರಿ ಇಲ್ಲ. ಯಾವ ಕಡೆಯಿಂದ ನೋಡಿದರೂ ಒಂದೇ ಗಾತ್ರ. ರೇಡಾರ್ ತಕ್ಕಡಿಯಾದರೆ ಇದು ತೂಕದ ಕಲ್ಲು.

ಬಾಗಲಕೋಟೆಯ ಶಿವಪುತ್ರಪ್ಪನವರಿಗೆ ಅರವತ್ತಾರು. ಹತ್ತೊಂಬತ್ತು ವರ್ಷಗಳಿಂದ ದಿನಕ್ಕೆ ನಾಲ್ಕು ಸಲ ಈ ಚೆಂಡನ್ನು ನೋಡಿ, ಉಪಗ್ರಹಗಳ ಮೇಲೆ ಕಣ್ಣಿಡುವ ತಮ್ಮ ಕಂಪನಿಯ ರೇಡಾರ್ ಸರಿಯಿದೆಯೋ ಇಲ್ಲವೋ ಹೇಳುವುದು ಅವರ ಕೆಲಸ. ಆದರೆ ಹೊಸ ಮ್ಯಾನೇಜರ್ ಬಂದಾಗಲೆಲ್ಲ, ರೇಡಾರ್ ನೋಡಬೇಕಾದ ವಸ್ತುಗಳ ಪಟ್ಟಿ ಕ್ಲೀನ್ ಮಾಡುವ ಹುಕಿ. ಅವರ ಪಾಲಿಗೆ ಸಿಗ್ನಲ್ ಕೊಡದ ವಸ್ತುವೆಲ್ಲ ಕಸ. ಹನ್ನೊಂದು ಸಲ ಚೆಂಡನ್ನು ಪಟ್ಟಿಯಿಂದ ತೆಗೆದರು, ಹನ್ನೊಂದು ಸಲ ಇವರು ಜಗಳವಾಡಿ ಸೇರಿಸಿದರು. ಕೇಳಿದ ನನಗೇ ರೇಗಿತು. ಕೊನೆಗೆ ಸಾಕಾಗಿ, 'ಜವಾಬ್ದಾರರು' ಎಂಬ ಕಾಲಂನಲ್ಲಿ ತಮ್ಮ ಹೆಸರನ್ನೇ ಹಾಕಿಬಿಟ್ಟರು. ಹೆಸರಿರುವ ಸಾಲನ್ನು ಯಾರೂ ಅಳಿಸುವಂತಿಲ್ಲ.

ಈ ಶುಕ್ರವಾರ ಅವರ ನಿವೃತ್ತಿ. ಕಳೆದ ವಾರ ಅವರು ಆಸ್ಟಿನ್‌ನಲ್ಲಿ ಮಗಳ ಮನೆಯಲ್ಲಿದ್ದಾಗ ಆಫೀಸಿನವರು ಅವಸರಕ್ಕೆ ಬಿದ್ದು ಅವರ ಹೆಸರು ತೆಗೆದರು. ಹೆಸರಿನ ಜೊತೆ ಚೆಂಡೂ ಪಟ್ಟಿಯಿಂದ ಹೋಯಿತು. ಸೋಮವಾರ ಮ್ಯಾನೇಜರ್ ಅಮರ್ ಫೋನ್ ಮಾಡಿದರು.

"ಅಂಕಲ್, ಒಂದು ವಾರದಿಂದ ಎಲ್ಲಾ ಸ್ಯಾಟಲೈಟೂ ಚಿಕ್ಕದಾಗಿ ಕಾಣ್ತಿವೆ. ಏನಾಗಿದೆ ಅವಕ್ಕೆ?"

"ಎಲ್ಲಾನೂ ಕೂಡೇ ಉಪವಾಸ ಮಾಡ್ಯಾವೇನು? ರೇಡಾರ್ ಕೆಟ್ಟೈತಿ. ಚೆಂಡು ಎಲ್ಲೈತಿ?"

ಅಂದೇ ಮರಳಿ ಬಂದು ಅವರು ಚೆಂಡನ್ನು ಹುಡುಕಿ ಸೇರಿಸಿದರು, ಅದಕ್ಕೆ ಹೋಲಿಸಿ ರೇಡಾರ್ ಸರಿಮಾಡಿಸಿದರು. ಹೆಸರಿನ ಕಾಲಂ ಮಾತ್ರ ಇನ್ನೂ ಖಾಲಿ. ಮೈಸೂರಿನ ಅಮರ್ ಈಗ ಪಕ್ಕದಲ್ಲೇ ನಿಂತಿದ್ದಾರೆ.

"ಹೆಸರಿಲ್ದಿದ್ರೂ ಚೆಂಡು ಹೋಗದ ಹಾಗೆ ಪ್ರೋಗ್ರಾಂ ಚೇಂಜ್ ಮಾಡ್ಸೋಕೆ ಐಟಿಯವ್ರಿಗೆ ಟಿಕೆಟ್ ಹಾಕಿದ್ದೀನಿ, ಅಂಕಲ್."

"ಹಂಗಾರ ಮುಂದಿನ ಯುಗಾದಿಗೆ ಆಗತೈತಿ. ನಿನ್ನ ಹೆಸರು ಹಾಕು."

ಶಿವಪುತ್ರಪ್ಪ ಕುರ್ಚಿ ಬಿಟ್ಟು ಏಳುತ್ತಾರೆ. ಅಮರ್ ಕೂತು ತಮ್ಮ ಹೆಸರು ಟೈಪ್ ಮಾಡುತ್ತಾರೆ.

ಬೀಳ್ಕೊಡುಗೆಗೆ ಏನು ಬೇಕೆಂದು ಕೇಳಿದೆ. "ಏನೂ ಬ್ಯಾಡ್ರಿ. ಅದು ಏನೂ ಕೆಲಸ ಮಾಡೂದಿಲ್ಲ ಅಂತಾರಲ್ಲ, ಅರವತ್ತು ವರ್ಷ ಇದ್ದಂಗ ಇರೂದೂ ಒಂದು ಕೆಲಸಾನ." ಪಾಳಿ ಮುಗಿಸಿ, ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದವರು ಅಮರ್ ಕಡೆ ತಿರುಗುತ್ತಾರೆ.

"ಎಂಟೂ ಐದಕ್ಕ ಮತ್ತ ಬರತೈತಿ. ಎದ್ದು ಹೋಗಬ್ಯಾಡ."