ಕಿಂಡಿಗೆ ತುರುಕಿದ ಗೋಣಿಚೀಲ

ನಾನು ಚಿಕ್ಕವನಿದ್ದಾಗ ಬಂದ ಒಂದು ಸಿಟ್ಟು ಈ ವಯಸ್ಸಿಗೂ ಇಳಿದಿಲ್ಲ. ಅದು ಬಂದದ್ದು ಒಂದು ಗೋಣಿಚೀಲದ ದೆಸೆಯಿಂದ. ಕೇಳಿ ಮಕ್ಕಳೇ, ನಡುವೆ ಬಾಯಿ ಹಾಕಬೇಡಿ.

ಸಂತೆಬಾಚಹಳ್ಳಿಯ ಹತ್ತಿರ ನಮ್ಮ ಮನೆ. ಬಚ್ಚಲುಮನೆಯೊಳಗೆ ಮಣ್ಣಿನ ಒಲೆ, ಅದರ ಮೇಲೆ ತಾಮ್ರದ ಹಂಡೆ, ಗೋಡೆಯ ಮೇಲ್ಗಡೆ ಹೊಗೆ ಹೋಗಲು ಒಂದು ಕಿಂಡಿ. ಆ ಚಳಿಗಾಲದಲ್ಲಿ ಅಕ್ಕ ಹೆರಿಗೆಗೆ ಬಂದಿದ್ದಳು. ಮಗುವಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ದಿನಾ ಒಲೆ ಹಚ್ಚುತ್ತಿದ್ದವಳು ಅವ್ವ. ಅಂದು ಅವ್ವ ಸಂತೆಗೆ ಹೋಗಿದ್ದರಿಂದ ಆ ಕೆಲಸ ಮೊದಲ ಸಲ ನನ್ನ ಪಾಲಿಗೆ ಬಂತು. ನನಗೋ ಎಲ್ಲಿಲ್ಲದ ಜಂಬ.

ಅಪ್ಪ ಗದ್ದೆಗೆ ಹೊರಡುವ ಮುಂಚೆ ನನ್ನ ಕೈಯಲ್ಲೇ ಒಲೆಯ ಬೂದಿ ತೆಗೆಸಿದ, ಹಂಡೆಗೆ ಕಂಠದವರೆಗೆ ನೀರು ತುಂಬಿಸಿದ. ಆಮೇಲೆ ಕಿಂಡಿಯತ್ತ ಬೆರಳು ಮಾಡಿದ. "ಅದು ತೆರೆದಿದ್ರೆ ಮಾತ್ರ ಕಡ್ಡಿ ಗೀರ್ಲಾ. ಇಲ್ದಿದ್ರೆ ಬೆಂಕಿಪೊಟ್ನ ಮುಟ್ಬ್ಯಾಡ."

ಅಪ್ಪ ಅತ್ತ ಹೋದದ್ದೇ ತಡ, ಅಜ್ಜಿ ಗೋಣಿಚೀಲ ಹಿಡಿದು ಬಂದಳು. ಬಾಣಂತಿಗೆ ಥಂಡಿ ತಗುಲಬಾರದೆಂದು ಮನೆಯ ಸಂದುಗೊಂದುಗಳಿಗೆಲ್ಲ ಬಟ್ಟೆ ತುರುಕುವುದು ನಮ್ಮ ಕಡೆಯ ವಾಡಿಕೆ. ಆದರೆ ಬಚ್ಚಲಿನ ಕಿಂಡಿಯನ್ನು ಅವ್ವ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

"ಆ ಕಿಂಡಿಗೆ ಇದ ತುರುಕ್ಬುಡ್ಲಾ," ಎಂದಳು ಅಜ್ಜಿ.

"ಅಪ್ಪ ಬ್ಯಾಡ ಅಂದವ್ನೆ ಕಣಜ್ಜಿ."

"ನಿಮ್ಮಪ್ಪನ್ನೇ ಸಾಕಿದೋಳು ನಾನು. ನಂಗೇ ಬುದ್ಧಿ ಯೋಳ್ತೀಯೇನ್ಲಾ?"

ಹಲ್ಲು ಕಚ್ಚಿಕೊಂಡು ಚೀಲ ತುರುಕಿದೆ. ಕಡ್ಡಿ ಗೀರಿದೆ. ಕಬ್ಬಿನ ತರಗು ಭಗ್ಗೆಂದು ಹತ್ತಿತು, ತೆಂಗಿನ ಮಟ್ಟೆ ಚಟಚಟ ಎಂದಿತು. ಕಣ್ಣುರಿಯ ನಡುವೆಯೂ ನನ್ನ ಬೆಂಕಿ ಚೆನ್ನಾಗಿಯೇ ಉರಿಯಿತು. ನೀರು ಕಾದು ಒಲೆಯ ತುಂಬ ಕೆಂಡ ನಿಗಿನಿಗಿ ಎನ್ನುವಾಗ ಅಕ್ಕ ಒಳಗೆ ಹೋದಳು. ಅಜ್ಜಿ ಬಾಗಿಲು ಎಳೆದು, ಮಗುವಿನ ತೊಟ್ಟಿಲ ಬಳಿ ಹೋಗಿ ಕುಳಿತಳು.

ನಾನು ಬಾಗಿಲ ಹೊರಗೇ ಇದ್ದೆ. ಚೊಂಬಿನಿಂದ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಚೊಂಬು ಠಣ್ ಎಂದು ಬಿತ್ತು, ಆಮೇಲೆ ಸದ್ದೇ ಇಲ್ಲ. "ಅಕ್ಕಾ" ಎಂದೆ. ಮತ್ತೆ ಕೂಗಿದೆ.

"ಕೂಗ್ಬ್ಯಾಡ ಸುಮ್ಕಿರ್ಲಾ, ಬಿಸಿನೀರಿಗೆ ಜೊಂಪು ಅತ್ತದೆ," ಎಂದು ಅಜ್ಜಿ ಕೂತಲ್ಲಿಂದಲೇ ಗದರಿದಳು.

ಮೈಯೆಲ್ಲ ಉರಿದುಹೋಯಿತು. ಬಾಗಿಲಿಗೆ ಒದ್ದೆ. ಅಕ್ಕ ಒದ್ದೆ ಸೀರೆಯಲ್ಲೇ ಗೋಡೆಗೆ ಒರಗಿಕೊಂಡಿದ್ದಳು, ಕಣ್ಣು ಅರ್ಧ ಮುಚ್ಚಿತ್ತು, ಕತ್ತು ನಿಲ್ಲುತ್ತಿರಲಿಲ್ಲ. ತೋಳು ಹಿಡಿದು ಎಳೆದೆ, ಆಗಲಿಲ್ಲ. "ಅಪ್ಪಾ" ಎಂದು ಕಿರುಚಿದೆ. ಪಕ್ಕದ ಗದ್ದೆಯಲ್ಲಿದ್ದ ಅಪ್ಪ ಗುದ್ದಲಿ ಎಸೆದು ಓಡಿಬಂದು ಅವಳನ್ನು ಅಂಗಳಕ್ಕೆ ಎತ್ತಿ ತಂದ. ಗಾಳಿ ತಾಗಿದ ಮೇಲೆ ಅಕ್ಕ ವಾಂತಿ ಮಾಡಿಕೊಂಡು, ಕಣ್ಣು ಬಿಟ್ಟು, "ಮಗ ಎಲ್ಲಿ?" ಎಂದಳು.

ಆಗ ಅಪ್ಪ ಬಚ್ಚಲಿನೊಳಗೆ ಹೋಗಿ ಚೀಲ ಕಿತ್ತು ತಂದು ನನ್ನ ಮುಂದೆ ಬಿಸಾಡಿ, ಕೆನ್ನೆಗೆ ಒಂದು ಬಿಗಿದ.

"ಅಜ್ಜಿ ಯೋಳಿದ್ದು!" ಎಂದು ಕೂಗಿದೆ. ಅಜ್ಜಿ ತೊಟ್ಟಿಲು ತೂಗುತ್ತಲೇ ಇದ್ದಳು.

"ಯಾರಾನ ಯೋಳ್ಲಿ. ಕಡ್ಡಿ ಗೀರಿದೋನು ನೀನಲ್ವೇನ್ಲಾ?" ಎಂದ ಅಪ್ಪ.

ಅಜ್ಜಿಯ ಮೇಲಿನ ಸಿಟ್ಟು ಅವಳು ಹೋದ ಮೇಲೆ ಹೋಯಿತು. ಅಪ್ಪನ ಮೇಲಿನದು ನಾನೂ ಅಪ್ಪನಾದ ಮೇಲೆ ಹೋಯಿತು. ನನ್ನ ಮೇಲೆ ನನಗಿದ್ದದ್ದು ಮಾತ್ರ ಉಳಿದಿದೆ.

ನಿಮ್ಮ ಬಚ್ಚಲಿನಲ್ಲಿ ಈಗ ಗ್ಯಾಸ್ ಗೀಸರ್. ಮಸಿಯಿಲ್ಲ, ಕಣ್ಣುರಿಯಿಲ್ಲ, ನಲ್ಲಿ ತಿರುಗಿಸಿದರೆ ಬಿಸಿನೀರು. ಆದರೆ ಅಂದು ಅಕ್ಕನನ್ನು ಕೆಡವಿದ ಕೆಂಡದ ವಿಷಗಾಳಿ ಇದರಿಂದಲೂ ಬರುತ್ತದೆ. ನಮ್ಮ ಒಲೆ ಕೆಮ್ಮಿಸಿಯಾದರೂ ಎಚ್ಚರಿಸುತ್ತಿತ್ತು, ಇದು ಅದನ್ನೂ ಮಾಡುವುದಿಲ್ಲ. ನಿನ್ನೆ ನೋಡಿದರೆ, ನಿಮ್ಮ ಪುಟ್ಟ ತಂಗಿಗೆ ಥಂಡಿಯಾಗುತ್ತದೆಂದು ನಿಮ್ಮಮ್ಮ ಬಚ್ಚಲಿನ ಕಿಟಕಿಗೆ ರಟ್ಟು ಅಂಟಿಸಿದ್ದಾಳೆ! ಕಿತ್ತು ಬಿಸಾಡಿದೆ. ಅವಳು ಮುಖ ಊದಿಸಿಕೊಂಡಿದ್ದಾಳೆ, ಊದಿಸಿಕೊಳ್ಳಲಿ. ಮತ್ತೆ ಅಂಟಿಸಿದರೆ ಮತ್ತೆ ಕೀಳುತ್ತೇನೆ. ದೊಡ್ಡವರ ಮಾತು ಕೇಳಬೇಕು, ನಿಜ. ಆದರೆ ಆ ಕಿಟಕಿ ಮುಚ್ಚಿ ಎಂದು ನಾನೇ ಹೇಳಿದರೂ ಕೇಳಬೇಡಿ.