ಕೊಮೀನೊನ ಬಾಲ ಬಿದ್ದದ್ದು

ತೊಲೂಕಾ ಊರಿನ ಹಳೇ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನಾಬೋರ್ ಅರ್ಸಾತೆಯ ಕ್ಷೌರದಂಗಡಿ. ಅಂಗಡಿಯ ಕನ್ನಡಿಯ ಪಕ್ಕ ಒಂದು ಗಾಜಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ದುಕೇಸಾ. ಹಳದಿ ಮೈ, ಮೈತುಂಬ ಚಿರತೆಯಂಥ ಚುಕ್ಕೆ, ಹೆಬ್ಬೆರಳಿಗಿಂತ ದಪ್ಪ ಬಾಲ. ಲೆಪರ್ಡ್ ಗೆಕ್ಕೊ ಎಂಬ ಜಾತಿಯ ಸಾಕುಹಲ್ಲಿ. ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತವರೆಲ್ಲ ಆ ಬಾಲವನ್ನೇ ನೋಡುತ್ತಿದ್ದರು. ನಾಬೋರ್ ಕೊಬ್ಬಿದ ಬಿಳಿ ಹುಳುವೊಂದನ್ನು ಚಿಮಟದಲ್ಲಿ ಹಿಡಿದು ತೋರಿಸಿದರೆ ದುಕೇಸಾ ಲಬಕ್ಕನೆ ನುಂಗುತ್ತಿದ್ದಳು. "ನೋಡಿ, ಸಾಕೋದು ಅಂದ್ರೆ ಹೀಗೆ," ಎನ್ನುತ್ತಿದ್ದ ನಾಬೋರ್. ಸುತ್ತಮುತ್ತ ಇಂಥ ಹಲ್ಲಿ ಸಾಕಿದವರು ಏನೇ ತೊಂದರೆಯಾದರೂ ಅವನ ಬಳಿ ಬರುತ್ತಿದ್ದರು. ತಮಾಷೆಗೆ ಶುರುವಾದ 'ಡಾಕ್ಟರ್' ಎಂಬ ಹೆಸರನ್ನು ಅವನು ಯಾವಾಗಲೋ ನಿಜವೆಂದು ನಂಬಿಬಿಟ್ಟಿದ್ದ.

ಜನವರಿಯ ಒಂದು ಶನಿವಾರ ಎದುರಿನ ಹೊಲಿಗೆ ಅಂಗಡಿಯ ಒಬ್ದೂಲಿಯಾ ಶಾಲಿನಲ್ಲಿ ಸುತ್ತಿದ ಡಬ್ಬಿಯೊಂದನ್ನು ಎದೆಗವಚಿಕೊಂಡು ಒಳಗೆ ಬಂದಳು. ಮಾತು ಕಡಿಮೆಯ ಹೆಂಗಸು. ಹೊಲಿಗೆ ಯಂತ್ರದ ಪಕ್ಕ ಸದ್ದಿಲ್ಲದ ಜೊತೆಯೊಂದು ಬೇಕೆಂದು ಎರಡು ವರ್ಷದ ಹಿಂದೆ ಒಂದು ಗಂಡು ಗೆಕ್ಕೊ ತಂದಿದ್ದಳು. ಜೀರಿಗೆ ಬಣ್ಣದ ಚುಕ್ಕೆ ನೋಡಿ ಕೊಮೀನೊ, ಅಂದರೆ ಜೀರಿಗೆ, ಎಂದೇ ಹೆಸರಿಟ್ಟಿದ್ದಳು.

"ದೋನ್ ನಾಬೋರ್, ಮೂರು ವಾರ ಆಯ್ತು, ಏನೂ ತಿಂತಿಲ್ಲ. ಬಾಲ ಮಾತ್ರ ದಪ್ಪಗೇ ಇದೆ. ವಾರವಾರ ತೂಕ ಮಾಡ್ತೀನಿ. ಅರವತ್ತೊಂದು ಗ್ರಾಂ ಇದ್ದ, ಈಗ ಅರವತ್ತು. ಚಳಿಗಾಲಕ್ಕೆ ಹೀಗೋ ಏನೋ ಅಂತ..."

ಅಂಗಡಿಯಲ್ಲಿ ಐದು ಜನ ಗಿರಾಕಿಗಳಿದ್ದರು. ಎಲ್ಲರೂ ತನ್ನ ಬಾಯನ್ನೇ ನೋಡುತ್ತಿದ್ದಾರೆಂದು ನಾಬೋರನಿಗೆ ಗೊತ್ತಿತ್ತು.

"ತೂಕ ಮಾಡ್ತೀರಾ? ಅಡುಗೆಮನೆ ತಕ್ಕಡೀಲಾ? ಕೇಳಿದ್ರೇನ್ರಪ್ಪಾ! ಊಟ ಹಾಕಮ್ಮಾ ಅಂದ್ರೆ ತಕ್ಕಡೀಲಿ ಕೂರಿಸ್ತಾರಂತೆ!"

ಎಲ್ಲರೂ ನಕ್ಕರು. ಬಸ್ ಡ್ರೈವರ್ ಲಿಬೋರಿಯೊ, "ಕಾಲು ಕೇಜಿ ನಂಗೂ ಕಟ್ಟಿಕೊಡಿ," ಎಂದ. ಒಬ್ದೂಲಿಯಾ ಕೆಂಪಗಾದಳು.

"ಪ್ರಾಣೀನ ಉಪವಾಸ ಕೆಡವಿದ್ದೀರಿ ದೋನ್ಯಾ ಒಬ್ದೂಲಿಯಾ. ಒಂದು ವಾರ ನನ್ನ ಹತ್ರ ಬಿಡಿ. ತಿನ್ನೋದು ಹೇಗೆ ಅಂತ ನಾನು ಕಲಿಸ್ತೀನಿ," ಎಂದ ನಾಬೋರ್. ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಶಾಲು ಮಾತ್ರ ತೆಗೆದುಕೊಂಡು ಹೋದಳು.

ಕೊಮೀನೊ ತಿನ್ನಲಿಲ್ಲ. ಬಿಳಿ ಹುಳು ಕೊಟ್ಟರೆ ಮುಖ ತಿರುಗಿಸಿದ. ಮಿಡತೆ ಬಿಟ್ಟರೆ ಅದು ಅವನ ಬೆನ್ನ ಮೇಲೆಯೇ ಓಡಾಡಿತು. ಬಂದವರೆಲ್ಲ, "ಏನ್ ಡಾಕ್ಟ್ರೇ, ರೋಗಿ ಊಟ ಮಾಡಿದ್ನಾ?" ಎಂದು ಕೇಳತೊಡಗಿದರು. ಬುಧವಾರ ಮಧ್ಯಾಹ್ನ ಲಿಬೋರಿಯೊ ಒಬ್ಬನೇ ಕುರ್ಚಿಯಲ್ಲಿದ್ದ. ಅವನೂ ಅದನ್ನೇ ಕೇಳಿದ. ನಾಬೋರನಿಗೆ ರೇಗಿತು. ಕತ್ತರಿ ಕೆಳಗಿಟ್ಟು ಕೊಮೀನೊನನ್ನು ಗಪ್ಪನೆ ಹಿಡಿದು, ಹಳೇ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಬಾಯಿ ಬಿಡಿಸಿ, ಹುಳುವನ್ನು ಒಳಗೆ ತುರುಕಲು ಹೋದ. ಹಲ್ಲಿ ಒಮ್ಮೆ ಮೈ ತಿರುಚಿತು. ಬಾಲ ಕಳಚಿ ಕೆಳಗೆ ಬಿತ್ತು. ನೆಲದ ಮೇಲೆ, ಕತ್ತರಿಸಿದ ಕೂದಲಿನ ನಡುವೆ, ಅದು ತನ್ನಷ್ಟಕ್ಕೆ ಪಟಪಟನೆ ಹೊರಳಾಡಿತು, ಎಷ್ಟು ಹೊತ್ತಾದರೂ ನಿಲ್ಲದೆ.

ಲಿಬೋರಿಯೊ ಕನ್ನಡಿಯಲ್ಲಿ ಅವನನ್ನು ನೋಡಿದ. ಅರ್ಧ ಕ್ಷೌರದಲ್ಲೇ ಬಟ್ಟೆ ಕೊಡವಿಕೊಂಡು ಎದ್ದುಹೋದ. ಆಮೇಲೆ ಆ ಅಂಗಡಿಗೆ ಅವನು ಕಾಲಿಡಲಿಲ್ಲ.

ಸಂಜೆ ಕೊಮೀನೊ ಹೇಗಿದ್ದಾನೆಂದು ನೋಡಲು ಒಬ್ದೂಲಿಯಾ ಬಂದಾಗ ನಾಬೋರ್ ಮಾತು ಸಿದ್ಧ ಮಾಡಿಟ್ಟುಕೊಂಡಿದ್ದ.

"ನಿಶ್ಶಕ್ತಿ ದೋನ್ಯಾ. ಹೊಟ್ಟೆಗಿಲ್ಲದೆ ಸೊರಗಿದ್ರೆ ಬಾಲ ತಾನಾಗೇ ಕಳಚಿಕೊಳ್ಳುತ್ತೆ. ಇನ್ನೊಂದೆರಡು ದಿನ ಮುಂಚೆ ತಂದಿದ್ರೆ ಉಳಿಸ್ತಿದ್ದೆ."

ಅವಳ ಕಣ್ಣು ತುಂಬಿತು. "ನನ್ನ ತಪ್ಪು," ಎಂದಳು. "ನೀವು ಇಷ್ಟು ಮಾಡಿದ್ರಲ್ಲ, ದೇವರು ಒಳ್ಳೇದು ಮಾಡಲಿ." ಡಬ್ಬಿಯನ್ನು ಎತ್ತಿಕೊಂಡು ರಸ್ತೆ ದಾಟಿದಳು. ನಾಬೋರ್ ಅವಳನ್ನು ಹಿಂದಕ್ಕೆ ಕರೆಯಲಿಲ್ಲ.

ಫೆಬ್ರವರಿ ಕೊನೆಗೆ ದುಕೇಸಾ ತಿನ್ನುವುದನ್ನು ನಿಲ್ಲಿಸಿದಳು. ನಾಬೋರ್ ಒಂದು ವಾರ ಯಾರಿಗೂ ಹೇಳದೆ ಪೆಟ್ಟಿಗೆಯ ಮೇಲೆ ಟವೆಲ್ ಹೊದಿಸಿಟ್ಟ. ಆಮೇಲೆ ತಡೆಯಲಾರದೆ, ಪರಿಚಯದವರು ಯಾರೂ ಸಿಗದಿರಲೆಂದು ಪಕ್ಕದ ಮೆತೆಪೆಕ್ ಊರಿನ ಪಶುವೈದ್ಯೆ ಮಿರೇಯಾಳ ಬಳಿ ಕೊಂಡೊಯ್ದ.

ವೈದ್ಯೆ ದುಕೇಸಾಳನ್ನು ಅಂಗೈ ಮೇಲೆ ಹರಡಿಕೊಂಡು ನೋಡಿದಳು. "ಕಂಕುಳಲ್ಲಿ ಈ ಗಂಟು ನೋಡಿ. ಬರೀ ಕೊಬ್ಬು. ಏನು ಹಾಕ್ತೀರಿ?"

"ಬಿಳಿ ಹುಳು. ದಿನಾ. ಇಷ್ಟಪಟ್ಟು ತಿಂತಾಳೆ."

"ಮಿಠಾಯಿ ಯಾರಿಗೆ ಇಷ್ಟ ಇಲ್ಲ ಹೇಳಿ? ಅದರ ರುಚಿ ಹತ್ತಿದ್ಮೇಲೆ ಬೇರೆ ಏನೂ ಮುಟ್ಟಲ್ಲ, ಕೊನೆಗೆ ಅದೂ ಬೇಡವಾಗುತ್ತೆ. ದೊಡ್ಡ ಗೆಕ್ಕೊಗೆ ಎರಡು-ಮೂರು ದಿನಕ್ಕೊಮ್ಮೆ ಊಟ ಸಾಕು. ಮಿಡತೆ ಹಾಕಿ, ಇವಳ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದೊಡ್ಡದು ಬೇಡ. ಮೊದಲು ಮಿಡತೆಗೆ ಸೊಪ್ಪು, ಕ್ಯಾರೆಟ್ ತಿನ್ನಿಸಿ, ಕ್ಯಾಲ್ಸಿಯಂ ಪುಡೀಲಿ ಹೊರಳಿಸಿ ಕೊಡಿ. ತಿನ್ನದೇ ಉಳಿದ ಮಿಡತೇನ ಹೊರಗೆ ತೆಗೀರಿ, ಇಲ್ಲಾಂದ್ರೆ ಅದೇ ಇವಳನ್ನ ಕಚ್ಚುತ್ತೆ. ಮಲಗೋ ಜಾಗ ಬೆಚ್ಚಗಿದೆಯಾ?"

"ಮೇಲೊಂದು ಬಲ್ಬ್ ಇದೆ."

"ಹೊಟ್ಟೆ ಕೆಳಗೆ ಬಿಸಿ ಬೇಕು ದೋನ್ ನಾಬೋರ್. ತಣ್ಣಗಿದ್ರೆ ತಿಂದಿದ್ದು ಜೀರ್ಣ ಆಗಲ್ಲ." ಅವಳು ಕೈ ತೊಳೆಯುತ್ತಾ ಮುಂದುವರಿಸಿದಳು. "ಒಂದು ಮಾತು. ಬಾಯಿ ಬಿಡಿಸಿ ತುರುಕೋಕೆ ಮಾತ್ರ ಹೋಗಬೇಡಿ. ಹೋದ ತಿಂಗಳು ನಿಮ್ಮೂರಿನ ದರ್ಜಿ ಹೆಂಗಸೊಬ್ಬರು ಬಂದಿದ್ರು, ಬಾಲ ಬಿದ್ದ ಗಂಡು ಗೆಕ್ಕೊ ಹಿಡ್ಕೊಂಡು. 'ನಾನೇ ಉಪವಾಸ ಕೆಡವಿದೆ' ಅಂತ ಅತ್ತೂ ಅತ್ತೂ ಸಾಕಾದ್ರು. ಅಷ್ಟು ಚೆನ್ನಾಗಿ ಸಾಕಿದ ಪ್ರಾಣಿ ನಾನು ನೋಡಿಲ್ಲ. ವಾರವಾರದ ತೂಕ ಬರೆದಿಟ್ಟಿದ್ರು. ಗಂಡು, ಚಳಿಗಾಲ, ಊಟ ಬಿಟ್ಟಿದ್ದ, ಅಷ್ಟೇ. ತೂಕ ಅಷ್ಟಾಗಿ ಇಳಿಯದಿದ್ರೆ ಕಾಯಬೇಕು, ಅವರು ಕಾಯ್ತಾನೇ ಇದ್ರು. ನಿಶ್ಶಕ್ತಿಯಿಂದ ಬಾಲ ಬೀಳಲ್ಲಮ್ಮಾ, ಯಾರೋ ಒರಟಾಗಿ ಹಿಡಿದಿದ್ದಾರೆ ಅಂದೆ. ಕಣ್ಣೊರೆಸಿಕೊಂಡು, 'ನನ್ನ ಕೈಯಲ್ಲೇ ಆಯ್ತು' ಅಂದ್ರು. ನಾನು ನಂಬಲಿಲ್ಲ."

ನಾಬೋರನ ಕಿವಿ ಕಾದವು. ಹಾಗಾದರೆ ಅವಳಿಗೆ ಗೊತ್ತಿತ್ತು. ಒಂದು ತಿಂಗಳಿಂದ ಗೊತ್ತಿತ್ತು. ಗೊತ್ತಿದ್ದೂ ದಿನಾ ಬೆಳಿಗ್ಗೆ ಬಾಗಿಲು ತೆಗೆಯುವಾಗ "ಬ್ವೇನೊಸ್ ದಿಯಾಸ್, ದೋನ್ ನಾಬೋರ್" ಎಂದು ನಮಸ್ಕಾರ ಹೇಳುತ್ತಿದ್ದಳು. ಅವನೂ ಗತ್ತಿನಿಂದ ತಲೆಯಾಡಿಸುತ್ತಿದ್ದ.

ಬಸ್ಸಿನಲ್ಲಿ ದುಕೇಸಾಳ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವನಿಗೆ ಪಕ್ಕದವರು ಏನು ಕೇಳಿದರೂ ಕೇಳಿಸಲಿಲ್ಲ. ಮರುದಿನ ಕಾಲಿನ ಅಂಚು ಮಡಿಸಿ ಹೊಲಿಸಲು ಒಂದು ಪ್ಯಾಂಟು ಹಿಡಿದು ಒಬ್ದೂಲಿಯಾಳ ಅಂಗಡಿಗೆ ಹೋಗಿ, ಪ್ಯಾಂಟು ಕೊಟ್ಟು ಬಂದ. ಅದನ್ನು ವಾಪಸ್ ತರಲು ಹೋಗಿ, ಇನ್ನೊಂದು ಕೊಟ್ಟು ಬಂದ. ಮೂರನೆಯ ಸಲ ಅವಳೇ ಸೂಜಿಯಿಂದ ತಲೆ ಎತ್ತದೆ ಕೇಳಿದಳು:

"ನಿಮ್ಮ ಪ್ಯಾಂಟೆಲ್ಲ ಒಟ್ಟಿಗೇ ಉದ್ದ ಆದ್ವಾ?"

"ನಾನೇ ಹಿಡಿದಿದ್ದು," ಎಂದ ನಾಬೋರ್. "ಬಾಯಿ ಬಿಡಿಸೋಕೆ ಹೋದೆ. ಆಮೇಲೆ ನಿಮಗೆ ಸುಳ್ಳು ಹೇಳಿದೆ. ಕ್ಷಮಿಸಿ."

ಅವಳು ದಾರ ಕಡಿದಳು. "ನಕ್ಕಿದ್ದು ಐದು ಜನರ ಮುಂದೆ. ಕ್ಷಮೆ ಕೇಳೋದು ನಾನೊಬ್ಬಳೇ ಇದ್ದಾಗ."

ನಾಬೋರ್ ಪ್ಯಾಂಟು ಎತ್ತಿಕೊಂಡು ರಸ್ತೆ ದಾಟಿದ.

ಶನಿವಾರ ಅಂಗಡಿ ತುಂಬಿದ್ದಾಗ ನಾಬೋರ್ ಕೂದಲು ಕತ್ತರಿಸುವ ಯಂತ್ರ ಆರಿಸಿ ನಿಂತ. ಮಾತು ಸರಿಯಾಗಿ ಹೊರಡಲಿಲ್ಲ. ಒಬ್ದೂಲಿಯಾಳ ಹಲ್ಲಿಗೆ ಏನೂ ಆಗಿರಲಿಲ್ಲವೆಂದೂ, ಬಾಲ ಬೀಳಿಸಿದ್ದು ತಾನೆಂದೂ, ತಪ್ಪನ್ನು ಅವಳ ತಲೆಗೆ ಕಟ್ಟಿದೆನೆಂದೂ ತಡವರಿಸುತ್ತ ಹೇಳಿದ. ಯಾರೋ ಕೆಮ್ಮಿದರು. ಒಬ್ಬ, "ಹೋಗ್ಲಿ ಬಿಡಿ ಡಾಕ್ಟ್ರೇ, ಒಂದು ಹಲ್ಲಿಗೆ ಇಷ್ಟೊಂದಾ," ಎಂದ.

"ಹಾಗೆ ಕರೀಬೇಡಿ," ಎಂದ ನಾಬೋರ್. ಮತ್ತೆ ಯಂತ್ರ ಹಾಕಿದ. ಆ ದಿನದ ಕೊನೆಯ ಗಿರಾಕಿಯ ಕಿವಿಯ ಹಿಂದೆ ಒಂದು ಕಡೆ ಕೂದಲು ಹೆಚ್ಚೇ ಹೋಯಿತು.

ಸುದ್ದಿ ರಸ್ತೆ ದಾಟಿತು. ಮಾರ್ಚ್‌ನಲ್ಲಿ ಬಿಸಿಲು ಏರುತ್ತಿದ್ದಂತೆ ಕೊಮೀನೊ ತಾನಾಗೇ ಮಿಡತೆಗೆ ಬಾಯಿ ಹಾಕಿದ್ದನ್ನು ಒಬ್ದೂಲಿಯಾಳೇ ಬಂದು ಹೇಳಿದಳು. ಹೊಸ ಬಾಲವನ್ನೂ ತೋರಿಸಿದಳು. ಮೊಂಡಾಗಿ, ಗುಂಡಗೆ, ಚುಕ್ಕೆಯಿಲ್ಲದೆ ಬೆಳೆಯುತ್ತಿತ್ತು. ನಾಬೋರ್ ನೋಡಿ ಕಣ್ಣು ತಗ್ಗಿಸಿದ. ಅವಳು ಸಿಟ್ಟೂ ಮಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ದುಕೇಸಾಳ ಪೆಟ್ಟಿಗೆಯ ಕೆಳಗೆ ಕರೆಂಟಿನಲ್ಲಿ ಕಾಯುವ ಬಿಸಿಹಾಳೆ ಎಲ್ಲಿಡಬೇಕೆಂದು ತೋರಿಸಿಕೊಟ್ಟು ಹೋದಳು. ಬಿಳಿ ಹುಳು ಸಿಗದೆ ದುಕೇಸಾ ಹದಿನೆಂಟು ದಿನ ಹಟ ಹಿಡಿದಳು. ಹತ್ತೊಂಬತ್ತನೆಯ ದಿನ ಒಂದು ಚಿಕ್ಕ ಮಿಡತೆ ತಿಂದಳು. ನಾಬೋರ್ ಅದನ್ನು ಯಾರಿಗೂ ತೋರಿಸಲಿಲ್ಲ.

ಈಗಲೂ ಯಾರಾದರೂ ಡಬ್ಬಿ ಹಿಡಿದು ಬಂದು, "ತಿಂತಾ ಇಲ್ಲ, ಏನು ಮಾಡೋದು?" ಎಂದರೆ, ನಾಬೋರ್ ಬಾಚಣಿಗೆಯಿಂದ ಎದುರಿನ ಅಂಗಡಿ ತೋರಿಸುತ್ತಾನೆ. "ನಂಗೆ ಗೊತ್ತಿಲ್ಲ. ಅವರನ್ನ ಕೇಳಿ." ಹೇಳುವಾಗೆಲ್ಲ ಮುಖ ಬಿಸಿಯಾಗುತ್ತದೆ. ಕನ್ನಡಿಗೆ ಬೆನ್ನು ತಿರುಗಿಸಿ, ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟುವುದರಲ್ಲಿ ತೊಡಗುತ್ತಾನೆ.